ಚಿರೋಟಿ ಮೇಲಿನ ನೊಣ

ಬೋಗಾದಿಯ ನಮ್ಮ ಬೀದಿಯಲ್ಲಿ ಸಣ್ಣಮಾದಯ್ಯನವರನ್ನು ಕೇಳದೆ ಯಾರೂ ಬೋರ್‌ವೆಲ್ ಕೂಡ ಕೊರೆಸುವುದಿಲ್ಲ. ಯಾರು ಏನು ಹೇಳಿಕೊಂಡರೂ ಕಣ್ಣು ಅರೆಮುಚ್ಚಿ, ಗಂಭೀರವಾಗಿ ತಲೆದೂಗುತ್ತಾರೆ. ಅವರಿಗೆ ಕಿವಿ ಕೇಳಿಸದು. ಅದು ಹೆಂಡತಿ ಚೆಲುವಮ್ಮನವರಿಗೂ ಮನೆಯವರಿಗೂ ಅಷ್ಟೇ ಗೊತ್ತೆಂದು ಅವರ ನಂಬಿಕೆ, ಆದರೆ ಬೀದಿಗೆಲ್ಲ ಗೊತ್ತಿತ್ತು.

ಹೂಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಮೂವತ್ತೆರಡು ವರ್ಷ ತಗಡು ಒತ್ತುವ ಪ್ರೆಸ್ ಯಂತ್ರ ಓಡಿಸಿದವರು. ಆ ಗದ್ದಲದಲ್ಲಿ ಮಾತಿಗೆ ಬೆಲೆಯಿಲ್ಲ, ಎಲ್ಲವೂ ಕೈಸನ್ನೆ. ಹೆಬ್ಬೆರಳೆತ್ತಿದರೆ ಓಡಿಸು, ಅಂಗೈ ಅಡ್ಡ ಬೀಸಿದರೆ ನಿಲ್ಲಿಸು. ಕಿವಿ ಮಂದವಾದ ಮೇಲೆ ಅದನ್ನೇ ಹೆಂಡತಿಗೂ ಕಲಿಸಿದರು. ಮಗಳು ತಂದುಕೊಟ್ಟ ಕಿವಿ ಮೆಷಿನ್ ಮಾತ್ರ ದೇವರ ಗೂಡಿನಲ್ಲೇ ಉಳಿಯಿತು. ಹಾಕಿಕೊಂಡರೆ ಹಿರಿತನ ಹೋದೀತೆಂಬ ಭಯ.

ಮೊಮ್ಮಗಳು ವರ್ಷಿಣಿ ಮೆಚ್ಚಿದ ಹುಡುಗನ ಕಡೆಯವರು ಮಾತುಕತೆಗೆ ಬಂದರು. ಒಪ್ಪಿಗೆಯ ಮಾತು ಆಡಬೇಕಾದವರು ಸಣ್ಣಮಾದಯ್ಯನವರೇ. ಎದುರಿಗೆ ಕೂತ ಚೆಲುವಮ್ಮ, ಸಮಯ ನೋಡಿ ಹೆಬ್ಬೆರಳೆತ್ತುವುದು ಎಂದು ಏರ್ಪಾಡು. ಹುಡುಗನ ತಂದೆ, "ಏನಂತೀರಿ, ಯಜಮಾನ್ರೇ?" ಎಂದು ಕೇಳಿದ ಗಳಿಗೆಯಲ್ಲೇ ಚಿರೋಟಿ ತಟ್ಟೆಗೆ ನೊಣ ಬಂತು. ಚೆಲುವಮ್ಮ ಕೈ ಬೀಸಿದರು.

ಸಣ್ಣಮಾದಯ್ಯ ಎದ್ದು ನಿಂತರು. "ಈ ಸಂಬಂಧ ಬ್ಯಾಡ. ಇಲ್ಗೇ ನಿಲ್ಲಿಸ್ಬುಡಿ."

ವರ್ಷಿಣಿಯ ಮುಖ ಬಿಳಿಚಿಕೊಂಡಿತು. ಬಂದವರು ಚಪ್ಪಲಿ ಹುಡುಕತೊಡಗಿದರು. ಎದ್ದೇಳದೆ ಕೂತವರು ಹುಡುಗನ ತಾತ ರಾಮಯ್ಯ ಒಬ್ಬರೇ. ಅವರೂ ಬೇರೊಂದು ಕಾರ್ಖಾನೆಯಲ್ಲಿ ಪ್ರೆಸ್ ಓಡಿಸಿದ್ದವರೇ; ಚೆಲುವಮ್ಮನ ಕೈಸನ್ನೆಯನ್ನು ಬಂದಾಗಿನಿಂದ ಓದುತ್ತಿದ್ದರು. ಸಣ್ಣಮಾದಯ್ಯನವರತ್ತ ನೋಡಿ ಮೊದಲು ನೊಣವನ್ನು ತೋರಿಸಿದರು, ಆಮೇಲೆ ತಮ್ಮ ಕಿವಿ ಮುಟ್ಟಿ ನನಗೂ ಕೇಳಿಸದು ಎಂಬಂತೆ ತಲೆಯಾಡಿಸಿದರು, ಕೊನೆಗೆ ಹೆಬ್ಬೆರಳೆತ್ತಿದರು.

ಸಣ್ಣಮಾದಯ್ಯ ಎಲ್ಲರೆದುರೂ ತಮ್ಮ ಕಿವಿ ಮುಟ್ಟಿಕೊಂಡರು. ಒಳಗೆ ಹೋಗಿ ಮೆಷಿನ್ ಹಾಕಿಕೊಂಡು ಬಂದರು.

"ಇನ್ನೊಂದ್ಸಲ ಕೇಳ್ರಪ್ಪ. ಈಗ ಸರ್ಯಾಗಿ ಯೋಳ್ತೀನಿ."

ಹುಡುಗನ ತಂದೆ ಮತ್ತೆ ಕೇಳಿದರು. ಸಣ್ಣಮಾದಯ್ಯ ಒಪ್ಪಿದರು.

ಎರಡು ವರ್ಷ ಮುಟ್ಟದ ಮೆಷಿನ್ ಅಂದು ಹೇಗೆ ಕೆಲಸ ಮಾಡಿತೆಂದು ಅವರಿಗೆ ತಿಳಿದದ್ದು ಮರುದಿನ. ತಾತ ಎಂದಾದರೂ ಕೇಳಿಯಾರೆಂದು ವರ್ಷಿಣಿ ಪ್ರತಿ ಶುಕ್ರವಾರ ಅದನ್ನು ಚಾರ್ಜ್ ಮಾಡಿಡುತ್ತಿದ್ದಳು. ಇದನ್ನು ಹೇಳುವಾಗ ಮಾತ್ರ ಅವರ ಗಾಂಭೀರ್ಯ ಸೋರಿಹೋಗುತ್ತದೆ. ಕನ್ನಡಕ ಒರೆಸುವ ನೆಪ ಹುಡುಕುತ್ತಾರೆ.

ಈಗ ಬೀದಿಯ ಅಹವಾಲುಗಳು ಅವರಿಗೆ ನಿಜವಾಗಿಯೂ ಕೇಳಿಸುತ್ತವೆ. ತಲೆದೂಗುವುದು ಬಹಳ ಕಡಿಮೆಯಾಗಿದೆ. ಚೆಲುವಮ್ಮ ಮಾತ್ರ ನೊಣ ಬಂದರೆ ಎರಡೂ ಕೈಯಿಂದ ಧಾರಾಳವಾಗಿ ಓಡಿಸುತ್ತಾರೆ.