ನಾಕೈ ಕಟ್ಟಿದ ಮೆಟ್ಟಿಲು

ಹ್ಯಾರಿಸನ್ ನಾಕೈಗೆ ಕೊನೆಯ ಬೇಸಿಗೆಯ ಮೂರು ವಾರದ ಕೂಲಿ ಇನ್ನೂ ಬಂದಿಲ್ಲ. ಅಮೆರಿಕದ ಯೂಟಾ ರಾಜ್ಯದ ಕೆಂಪು ಬಂಡೆಗಳ ನ್ಯಾಷನಲ್ ಪಾರ್ಕಿನಲ್ಲಿ ಹದಿನೇಳು ಬೇಸಿಗೆ ಕಲ್ಲು ಹೊತ್ತು ಮೆಟ್ಟಿಲು ಕಟ್ಟಿದವನು ಅವನು. ಮೊನ್ನೆ ಹೊರಟಿದ್ದು ಕೂಲಿ ಕೇಳಲಲ್ಲ; ಹೆಂಡತಿ ಲೊರೆಟಾಗೂ ಮೊಮ್ಮಗಳು ಶಾನಿಗೂ ಆ ಮೆಟ್ಟಿಲು ತೋರಿಸಲು. ಲೊರೆಟಾಳ ಮಂಡಿ ಸವೆದಿದೆ, ಮುಂದಿನ ವರ್ಷ ಅವಳು ಹತ್ತಲಾರಳು.

ಪಾರ್ಕಿನ ಗೇಟಿನಲ್ಲಿದ್ದ ಹುಡುಗಿ ಅವರ ಪಿಕಪ್ ಗಾಡಿ ತಡೆದಳು. "ಬುಕಿಂಗ್ ಇದೆಯಾ ಸರ್?"

"ಕೆಲಸಕ್ಕೆ ಬರ್ತಿದ್ದಾಗ ಯಾರೂ ಕೇಳ್ಲಿಲ್ವಲ್ಲಮ್ಮ."

"ಈಗ ಫೋನಲ್ಲಿ ಬುಕ್ ಮಾಡಿದ್ರೇನೇ ಒಳಗೆ ಬಿಡೋದು. ಇಲ್ಲಿ ಸಿಗ್ನಲ್ ಸಿಗಲ್ಲ, ಊರಿಗೆ ವಾಪಸ್ ಹೋಗಿ ಮಾಡಿ."

ಮೂವತ್ತು ಮೈಲಿ ಹಿಂದೆ ಹೋಗಿ ಫೋನ್ ತೆರೆದರೆ ಅಂದಿನ ಬುಕಿಂಗ್ ಮುಗಿದುಹೋಗಿತ್ತು.

"ಬುಕ್ ಮಾಡಿ ಅಂತ ವಾರದಿಂದ ಬಡ್ಕೊಂಡೆ," ಲೊರೆಟಾ ಸಿಡುಕಿದಳು. "ಗೇಟಲ್ಲಿ ಎಲ್ಲರೂ ನನ್ನ ಗುರುತು ಹಿಡೀತಾರೆ ಅಂದ್ರಿ. ಹಿಡಿದ್ರಾ ಯಜಮಾನ್ರೇ?"

"ನಿನ್ನ ಮೆಟ್ಟಿಲು ಎಲ್ಲಿದೆ ತಾತ?" ಶಾನಿ ಕೇಳಿದಳು.

ನಾಕೈ ತನ್ನ ಜನರ ರೂಢಿಯಂತೆ ಬೆರಳಿನ ಬದಲು ತುಟಿ ಚಾಚಿ ದೂರದ ಬಂಡೆಯೊಂದನ್ನು ತೋರಿಸಿ, ಗಾಡಿಯನ್ನು ಮನೆ ಕಡೆ ತಿರುಗಿಸಿದ.

ಆ ಮೆಟ್ಟಿಲು ಹತ್ತಿ ಫೋಟೊ ತೆಗೆಸಿಕೊಂಡವರೇ, ಕಟ್ಟಿದವರನ್ನು ಬುಕಿಂಗ್ ಕೇಳದೆ ಒಳಗೆ ಬಿಡಿ ಎಂದು ಪಾರ್ಕಿನ ಕಚೇರಿಗೆ ಇವತ್ತೇ ಬರೆಯಿರಿ.