ಎಡಗಾಲಿನ ಹಗ್ಗ

ವಾಲ್ಪರೈಸೊ ಊರಿನ ಗುಡ್ಡದ ಮೇಲಿದ್ದ ರೆಟಮಾಲ್ ಮನೆಯಲ್ಲಿ ಮಕ್ಕಳು ಮೊದಲು ನಡೆಯಲು ಕಲಿಯುತ್ತಿದ್ದವೋ ಡೋಲು ಬಾರಿಸಲು ಕಲಿಯುತ್ತಿದ್ದವೋ ಹೇಳುವುದು ಕಷ್ಟ. ಅವರದು ಬೀದಿಯಲ್ಲಿ ಡೋಲು ಬಾರಿಸುತ್ತ ಕುಣಿಯುವ ಚಿಂಚಿನೆರೊಗಳ ಮನೆತನ. ಬೆನ್ನಿಗೆ ದೊಡ್ಡ ಡೋಲು, ಡೋಲಿನ ನೆತ್ತಿಯ ಮೇಲೆ ಒಂದು ಜೊತೆ ಕಂಚಿನ ತಾಳ, ತಾಳದಿಂದ ಇಳಿದ ಹಗ್ಗ ಬಲಗಾಲಿನ ಹಿಮ್ಮಡಿಗೆ. ಎರಡು ಕೈಗಳಲ್ಲಿ ಎರಡು ಉದ್ದನೆಯ ಕೋಲು ಹಿಡಿದು, ಬೆನ್ನ ಹಿಂದಕ್ಕೆ ಬೀಸಿ ಡೋಲು ಬಾರಿಸಬೇಕು. ಕಾಲು ಒದೆದು ತಾಳ ಹಾಕಬೇಕು. ಇವೆರಡೂ ನಡೆಯುತ್ತಿರುವಾಗಲೇ ಬುಗುರಿಯ ಹಾಗೆ ಗಿರಗಿರನೆ ತಿರುಗಬೇಕು. ತಿರುಗಿದ ಮೇಲೆ ಬೀಳಬಾರದು, ನಗುತ್ತಿರಬೇಕು.

ಇಂಥ ಮನೆಗೆ ಅಳಿಯನಾಗಿ ಬಂದವನು ಎಲಿಸೆಯೊ ಪೊಬ್ಲೆತೆ. ಅವನ ಪಾಲಿಗೆ ಬಂದದ್ದು ವಾದ್ಯಪೆಟ್ಟಿಗೆ. ಪಕ್ಕದಲ್ಲಿರುವ ಹಿಡಿಕೆ ತಿರುಗಿಸಿದರೆ ಸಾಕು, ಒಳಗಿನ ಕೊಳವೆಗಳು ತಮ್ಮ ಪಾಡಿಗೆ ತಾವು ಹಾಡಿಕೊಳ್ಳುತ್ತವೆ. ಚೌಕದಲ್ಲಿ ಜನ ವೃತ್ತ ಕಟ್ಟಿ ನಿಂತಾಗ ಒಂದು ಕಡೆ ಪೆಟ್ಟಿಗೆ ಇಟ್ಟುಕೊಂಡು ಅವನು ತಿರುಗಿಸುತ್ತಿದ್ದ, ಎದುರಿಗೆ ಮಾವ ದೋನ್ ಬೌದಿಲಿಯೊ ಕುಣಿಯುತ್ತಿದ್ದರು. ಜನ ನೋಡುತ್ತಿದ್ದದ್ದು ಮಾವನನ್ನು. ಈ ಕೆಲಸಕ್ಕೆ ಒಂದು ಕೈ ಸಾಕಾಗುತ್ತಿತ್ತು, ಇನ್ನೊಂದು ಕೈಯನ್ನು ಎಲ್ಲಿಟ್ಟುಕೊಳ್ಳಬೇಕೆಂಬುದು ಇಪ್ಪತ್ತು ವರ್ಷವಾದರೂ ಎಲಿಸೆಯೊಗೆ ಬಗೆಹರಿದಿರಲಿಲ್ಲ. ತಲೆಗಂತೂ ಕೆಲಸವೇ ಇರಲಿಲ್ಲ. ಮನೆಯಲ್ಲಿ ಅವನನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಮದುವೆಯ ದಿನವೇ ಮಾವ 'ಹಿಡಿಕೆ' ಎಂದಿದ್ದರು, ಅದೇ ನಿಂತಿತು. ಹೊಸಬರು ಯಾರಾದರೂ ನಿಮ್ಮ ಕೆಲಸವೇನೆಂದು ಕೇಳಿದರೆ ಅವನು 'ಸಂಗೀತ' ಎನ್ನುತ್ತಿದ್ದ. ಆಮೇಲೆ ತನಗೇ ನಾಚಿಕೆಯಾಗಿ 'ಅದರ ಪಕ್ಕದಲ್ಲಿ ನಿಂತಿರುತ್ತೇನೆ' ಎಂದು ಸೇರಿಸುತ್ತಿದ್ದ.

ಆ ಬೇಸಿಗೆಯಲ್ಲಿ ಮಾವನ ಬಲಮಂಡಿ ಕೈಕೊಟ್ಟಿತು. ನಾಲ್ಕು ವರ್ಷದ ಮಗುವಾಗಿದ್ದಾಗಿನಿಂದ ಅದೇ ಕಾಲು ಒದೆದೂ ಒದೆದೂ ಸವೆದಿತ್ತು. ಶಸ್ತ್ರಚಿಕಿತ್ಸೆ ಮಾಡಿದರೆ ನೋವು ಹೋಗುತ್ತದೆ, ಜೊತೆಗೆ ಮಂಡಿ ಮಡಿಸುವುದೂ ಹೋಗುತ್ತದೆ ಎಂದು ವೈದ್ಯರು ಮೊದಲೇ ಹೇಳಿದ್ದರು. ಹಾಗೇ ಆಯಿತು. ಕಾಲು ಕಂಬವಾಯಿತು. ಅದರ ಮೇಲೆ ಗಟ್ಟಿಯಾಗಿ ನಿಲ್ಲಬಹುದು, ಒದೆಯಲು ಬಾರದು. ಮಾವ ಡೋಲಿನ ಮೇಲೆ ಹಾಸಿಗೆಯ ಬಟ್ಟೆ ಹೊದಿಸಿ ಬಂದರಿನ ಕಡೆಯ ಕಿಟಕಿಯ ಹತ್ತಿರ ಕುಳಿತರು. ಕುಳಿತವರು ಏಳಲಿಲ್ಲ. ಸೂಪು ತಂದಿಟ್ಟರೆ ಎರಡು ಚಮಚ ಕುಡಿದು ಬಟ್ಟಲು ದೂರ ತಳ್ಳುತ್ತಿದ್ದರು. ಬೈಯುವುದನ್ನೂ ಬಿಟ್ಟರು. ಎಲಿಸೆಯೊಗೆ ಹೆದರಿಕೆ ಹುಟ್ಟಿದ್ದು ಆಗ. ಬೆಳಗಿನಿಂದ ಸಂಜೆಯವರೆಗೆ ಒಂದು ಸಲವೂ 'ಹಿಡಿಕೆ' ಎನ್ನಿಸಿಕೊಳ್ಳದೆ ಅವನ ಎದೆ ಭಾರವಾಗುತ್ತಿತ್ತು. ಈ ಮುದುಕ ಹೀಗೇ ಕುಳಿತು ಕುಳಿತು ಹೋಗಿಬಿಡುತ್ತಾರೆ ಅನ್ನಿಸಿತು.

ಅವನ ತಲೆಗೆ ಮೊದಲ ಬಾರಿ ಕೆಲಸ ಸಿಕ್ಕಿತು. ಅದರ ಅಭ್ಯಾಸವಿಲ್ಲದ ತಲೆ, ನೇರವಾಗಿ ಮಹಾ ಯೋಚನೆಗೇ ಕೈಹಾಕಿತು. ತಾನೇ ಚಿಂಚಿನೆರೊ ಆಗಿಬಿಡುವುದು, ಅಂಗಳದಲ್ಲಿ ಡೋಲು ಮೊಳಗಿಸುವುದು, ಮಾವ ಕಣ್ಣೀರು ಒರೆಸಿಕೊಂಡು ಎದ್ದು ಬಂದು ತಬ್ಬಿಕೊಳ್ಳುವುದು. ಈ ಕೊನೆಯ ಭಾಗವನ್ನು ಅವನು ಮನಸ್ಸಿನಲ್ಲಿ ಎಷ್ಟು ಸಲ ನಡೆಸಿ ನೋಡಿದನೆಂದರೆ, ಕಲಿಯುವ ಭಾಗ ಇನ್ನೂ ಬಾಕಿಯಿದೆ ಎಂಬುದೇ ಮರೆತುಹೋಗಿತ್ತು.

ಮಾವನ ಡೋಲನ್ನು ಮುಟ್ಟುವ ಧೈರ್ಯ ಅವನಿಗಿರಲಿಲ್ಲ. ಮನೆಯ ಮಕ್ಕಳೆಲ್ಲ ಕಲಿತಿದ್ದ ಪುಟ್ಟ ಡೋಲನ್ನು ಅಟ್ಟದಿಂದ ಇಳಿಸಿಕೊಂಡ. ಅವನ ಅಗಲವಾದ ಬೆನ್ನಿನ ಮೇಲೆ ಅದು ಶಾಲೆಯ ಚೀಲದ ಹಾಗೆ ಕಾಣುತ್ತಿತ್ತು. ಗುಟ್ಟಾಗಿ ಡೋಲು ಕಲಿಯುವುದು ಹೇಗೆ? ಬಂದರಿನ ಗೋದಾಮುಗಳ ಹಿಂದೆ ಹೋದ. ಅಲ್ಲಿ ಹಗಲಿಡೀ ಕ್ರೇನುಗಳ ಗದ್ದಲ, ಯಾರಿಗೂ ಏನೂ ಕೇಳಿಸುವುದಿಲ್ಲ. ಕೇಳಿಸದವರಲ್ಲಿ ಅವನೂ ಒಬ್ಬ. ಹಾಗಾಗಿ ಬಹಳ ದಿನ ತಾನು ಚೆನ್ನಾಗಿ ಬಾರಿಸುತ್ತಿದ್ದೇನೆ ಎಂದೇ ನಂಬಿದ್ದ. ಒಂದು ಮಧ್ಯಾಹ್ನ ಕ್ರೇನು ಕೆಟ್ಟು ನಿಂತಿತು. ಆ ಮೌನದಲ್ಲಿ ತನ್ನ ಸಂಗೀತವನ್ನು ತಾನೇ ಕೇಳಿದ. ಪಾತ್ರೆಗಳ ಗಾಡಿ ಮೆಟ್ಟಿಲುಗಳ ಮೇಲಿಂದ ಉರುಳಿದ ಹಾಗಿತ್ತು. ಊಟಕ್ಕೆ ಕುಳಿತಿದ್ದ ಹಮಾಲಿಯೊಬ್ಬ, ನೋವಾಯಿತೇನು ಎಂದು ಕನಿಕರದಿಂದ ವಿಚಾರಿಸಿದ.

ಕೈ ಸರಿಹೋದರೆ ಕಾಲು ಮರೆಯುತ್ತಿತ್ತು. ಕಾಲನ್ನು ನೆನೆದರೆ ಕೈಗಳು ನಿಂತು ನೋಡುತ್ತಿದ್ದವು. ತಿರುಗಲು ಹೋದರೆ ಮೂರೂ ತಪ್ಪುತ್ತಿದ್ದವು. ಆದರೂ ಅವನು ಬಿಡಲಿಲ್ಲ. ಕಣ್ಣು ಮುಚ್ಚಿದರೆ ಮಾವನ ಆಟ ಇಡಿಯಾಗಿ ಎದುರಿಗೆ ಬರುತ್ತಿತ್ತು, ಅದನ್ನೇ ನೋಡಿಕೊಂಡು ಕೈಕಾಲು ಹೊಂದಿಸಿಕೊಳ್ಳುತ್ತಿದ್ದ.

ಹೆಂಡತಿ ಎಡುವಿನಾಳ ಕಣ್ಣಿಗೆ ಅವನ ಹಿಮ್ಮಡಿಯ ಗಾಯ ಬಿತ್ತು.

"ಏನ್ರೀ ಇದು? ಕಾಲಿಗೆ ಹಗ್ಗ ಕಟ್ಟಿ ಯಾರ್ ಮೇಯಿಸ್ತಾ ಇದಾರೆ ನಿಮ್ಮನ್ನ?"

ಅವನು ವಿಷಯ ಹೇಳಿದ. ಅವಳು ನಗಬಹುದೆಂದು ಕಾದ. ಅವಳು ನಗಲಿಲ್ಲ, ಹಳೆಯ ಕಾಲುಚೀಲ ಹರಿದು ಗಾಯಕ್ಕೆ ಸುತ್ತಿದಳು. ಅಪ್ಪ ನಿನ್ನೆಯಿಂದ ಚಹಾ ಕೂಡ ಕುಡಿದಿಲ್ಲ, ಬೇಗ ಕಲಿಯಿರಿ ಎಂದಳು.

ಒಂದು ಭಾನುವಾರ ಸಂಜೆ ಚಹಾದ ಹೊತ್ತಿಗೆ ಎಡುವಿನಾ ಅಪ್ಪನನ್ನು ಕುರ್ಚಿಯ ಸಮೇತ ಅಂಗಳಕ್ಕೆ ಎಳೆದು ತಂದಳು. ಎಲಿಸೆಯೊ ಪುಟ್ಟ ಡೋಲು ಹೊತ್ತು, ಹಗ್ಗ ಕಟ್ಟಿಕೊಂಡು, ಟೋಪಿ ಓರೆ ಮಾಡಿಕೊಂಡು ಬಂದ. ಆರಂಭ ಚೆನ್ನಾಗಿಯೇ ಇತ್ತು. ಡೋಲೂ ತಾಳವೂ ಒಂದಕ್ಕೊಂದು ಅಪರಿಚಿತರ ಹಾಗೆ ಇರಲಿಲ್ಲ, ದೂರದ ನೆಂಟರ ಹಾಗಿದ್ದವು. ಆಮೇಲೆ ತಿರುಗಿದ. ಒಂದು ಸುತ್ತು ಬಂತು. ಎರಡನೆಯ ಸುತ್ತಿನಲ್ಲಿ ಅಂಗಳವೇ ತಿರುಗಿ, ಕೋಳಿಗೂಡಿಗೆ ಹೊಟ್ಟೆ ತಾಗಿಸಿಕೊಂಡು ಬಿದ್ದ. ಕೋಳಿಗಳು ನಾಲ್ಕೂ ದಿಕ್ಕಿಗೆ ಹಾರಿದವು. ತಾಳ ಮಾತ್ರ ಕಾಲು ನಡುಗಿದಾಗಲೆಲ್ಲ ಝಣ್, ಝಣ್ ಎನ್ನುತ್ತಲೇ ಇತ್ತು.

ಮಾವ ನಕ್ಕರು. ಕಣ್ಣೀರು ಬರುವಷ್ಟು, ಹೊಟ್ಟೆ ಹಿಡಿದುಕೊಳ್ಳುವಷ್ಟು ನಕ್ಕರು. ಕಣ್ಣೀರು ಒರೆಸಿಕೊಳ್ಳುವುದು ಎಲಿಸೆಯೊನ ಯೋಚನೆಯಲ್ಲಿ ಇದ್ದದ್ದೇ, ಆದರೆ ಹೀಗಲ್ಲ. ಇಷ್ಟು ತಿಂಗಳ ಮೇಲೆ ಅವರು ನಕ್ಕರಲ್ಲ ಎಂದು ಸಂತೋಷಪಡಬೇಕೋ, ಮಣ್ಣು ಕೊಡವಿಕೊಂಡು ಅಳಬೇಕೋ ಅವನಿಗೆ ತಿಳಿಯಲಿಲ್ಲ. ಹಗ್ಗ ಬಿಚ್ಚಲು ಬಗ್ಗಿದ.

"ಬಿಚ್ಬೇಡ," ಅಂದರು ಮಾವ. ನಗು ನಿಂತಿತ್ತು. "ಅದನ್ನ ಯಾವ್ ಕಾಲಿಗೆ ಕಟ್ಕೊಂಡಿದೀಯಾ?"

"ನಿಮ್ ಹಾಗೇ ಮಾವ."

"ನನ್ ಹಾಗಾ? ನಾನ್ ಯಾವಾಗಯ್ಯಾ ಎಡಗಾಲಲ್ಲಿ ತಾಳ ಹಾಕಿದ್ದು?"

ಎಲಿಸೆಯೊ ತನ್ನ ಕಾಲುಗಳನ್ನು ಆಗಷ್ಟೇ ಪರಿಚಯವಾದವರಂತೆ ನೋಡಿದ. ಹಗ್ಗ ಎಡಗಾಲಿನಲ್ಲಿತ್ತು. ಎಡುವಿನಾಳಿಗೆ ಥಟ್ಟನೆ ಹೊಳೆಯಿತು. ಇವರು ಯಾವತ್ತೂ ನಿಮ್ಮ ಎದುರಿಗೆ ನಿಂತೇ ನೋಡಿದವರಲ್ಲವೇ ಅಪ್ಪ, ನಿಮ್ಮ ಬಲ ಇವರಿಗೆ ಎಡ, ಕನ್ನಡಿ ನೋಡಿ ಕಲಿತ ಹಾಗಾಗಿದೆ ಎಂದಳು. ಆ ಮನೆತನದಲ್ಲಿ ಉಳಿದವರೆಲ್ಲ ಅಪ್ಪನ ಬೆನ್ನ ಹಿಂದೆ ನಿಂತು ಕಲಿತವರು. ಹಿಡಿಕೆಯ ಹತ್ತಿರ ನಿಂತು ಕಲಿತವನು ಇವನೊಬ್ಬನೇ. ಹಗ್ಗವೂ ಉಲ್ಟಾ, ಸುತ್ತುವುದೂ ಉಲ್ಟಾ. ಇಪ್ಪತ್ತು ವರ್ಷ ನೋಡಿ, ತಿಂಗಳುಗಟ್ಟಲೆ ಬೆವರು ಸುರಿಸಿ, ಇಡೀ ವಿದ್ಯೆಯನ್ನು ಒಳಗಿದ್ದದ್ದು ಹೊರಗೆ ಮಾಡಿ ಅಂಗಿ ತೊಟ್ಟ ಹಾಗೆ ಕಲಿತಿದ್ದ. ಇಂಥ ತಪ್ಪು ಮಾಡಲಿಕ್ಕೂ ಒಂದು ಯೋಗ್ಯತೆ ಬೇಕು ಎಂದು ಅವನೇ ಅಂದುಕೊಂಡ.

"ಇನ್ನೊಂದ್ ಸಲ ಮಾಡು," ಅಂದರು ಮಾವ. "ತಿರುಗ್ಬೇಡ. ಬರೀ ಕಾಲು. ನಿಧಾನಕ್ಕೆ."

ಇನ್ನೂ ನಗುವ ಆಸೆಯಿರಬೇಕು, ನಗಲಿ ಪಾಪ, ಎಂದುಕೊಂಡು ಅವನು ಒದೆದ. ಝಣ್. ಮತ್ತೆ ಒದೆದ. ಮಾವ ನಗಲಿಲ್ಲ. ಅವರ ಮೊಣಕಾಲಿನ ಮೇಲೆ ಹೊದ್ದಿದ್ದ ಕಂಬಳಿ ಎಡಬದಿಯಲ್ಲಿ ಅಲುಗಿತು. ಮತ್ತೆ ಝಣ್ ಎಂದಾಗ ಮತ್ತೆ ಅಲುಗಿತು. ಆ ಮನೆಯಲ್ಲಿ ಎಡಗಾಲು ಇದ್ದದ್ದು ನಿಲ್ಲುವುದಕ್ಕೆ ಮಾತ್ರ. ಅದಕ್ಕೂ ಒದೆಯಲು ಬರುತ್ತದೆ ಎಂಬ ಯೋಚನೆ ಅಲ್ಲಿಯವರೆಗೆ ಯಾವ ರೆಟಮಾಲನಿಗೂ ಬಂದಿರಲಿಲ್ಲ.

ಮಾವ ಕುರ್ಚಿಯ ಕೈ ಹಿಡಿದು ಎದ್ದರು. ಡೋಲಿನ ಮೇಲಿನ ಬಟ್ಟೆ ತೆಗೆ ಎಂದು ಮಗಳಿಗೆ ಹೇಳಿದರು.

ಪಾಠ ಶುರುವಾಯಿತು, ಈ ಸಲ ಅಳಿಯನೇ ಗುರು. ಅವರು ಎದುರಿಗೆ ನಿಲ್ಲಲು ಬಂದಾಗ ಎಲಿಸೆಯೊ, ಎದುರಿಗೆ ಬೇಡ ಮಾವ, ಒಮ್ಮೆ ಹಾಗೆ ಮಾಡಿ ಆದದ್ದು ಸಾಕು, ಬೆನ್ನ ಹಿಂದೆ ನಿಲ್ಲಿ ಎಂದ. ಮಾವನಷ್ಟು ಕೆಟ್ಟ ಶಿಷ್ಯ ಭೂಮಿಯ ಮೇಲೆ ಇರಲಿಲ್ಲ. ಎಡಗಾಲು ಮಾತು ಕೇಳದಿದ್ದರೆ ಎಡಗಾಲಿಗೂ ಬೈಯುತ್ತಿದ್ದರು, ಗುರುವಿಗೂ ಬೈಯುತ್ತಿದ್ದರು. ಒಂದು ದಿನ ಎಲಿಸೆಯೊ ಜೀವಮಾನದಲ್ಲಿ ಮೊದಲ ಬಾರಿಗೆ ಅವರಿಗೆ 'ತಪ್ಪು' ಎಂದ. ಆಮೇಲೆ ಅದರ ರುಚಿ ಹತ್ತಿ, ಸರಿಯಿದ್ದಾಗಲೂ ಒಂದೆರಡು ಸಲ ಅಂದ. ಸೂಪಿನ ಬಟ್ಟಲು ಖಾಲಿಯಾಗಿ ಬರತೊಡಗಿತು. ಬೈಗುಳ ಜಾಸ್ತಿಯಾದಷ್ಟೂ ಎಡುವಿನಾಳ ಮುಖ ಅರಳುತ್ತಿತ್ತು.

ಸೆಪ್ಟೆಂಬರಿನ ಸ್ವಾತಂತ್ರ್ಯದ ಹಬ್ಬ ಬಂತು. ಆಕಾಶದ ತುಂಬ ಗಾಳಿಪಟ, ಚೌಕದ ತುಂಬ ಎಂಪನಾ ಎಂಬ ಕಡುಬು ಬೇಯುವ ವಾಸನೆ. ಜನ ವೃತ್ತ ಕಟ್ಟಿದರು. ಎಲಿಸೆಯೊ ಎಂದಿನ ಜಾಗದಲ್ಲಿ ಪೆಟ್ಟಿಗೆ ಇಳಿಸಿ ಹಿಡಿಕೆ ಹಿಡಿದ, ಆದರೆ ಮಾವನಿಗೆ ಬೆನ್ನು ತಿರುಗಿಸಿ ನಿಂತ. ತಾಳ ಹಾಕುವಾಗ ನೋಡಿಕೊಳ್ಳಲು ಮಾವನಿಗೆ ಮುಂದೆ ಅವನ ಎಡಗಾಲು ಕಾಣಬೇಕಿತ್ತು, ಅದು ಅಳತೆ ತಪ್ಪದೆ ಗಾಳಿಯನ್ನು ಒದೆಯುತ್ತಿರಬೇಕಿತ್ತು. ಹಿಡಿಕೆಯವನಿಗೆ ಏನಾಗಿದೆ, ಮಾವನ ಮೇಲೆ ಸಿಟ್ಟೇನೋ ಎಂದು ಎದುರಿಗಿದ್ದ ಹೆಂಗಸರು ಮುಸಿಮುಸಿ ನಕ್ಕರು. ಹಗ್ಗವಿಲ್ಲದೆ ತಾಳವಿಲ್ಲದೆ ಹೇಸರಗತ್ತೆಯ ಹಾಗೆ ಒದೆಯುತ್ತಿದ್ದವನಿಗೆ ಅವರ ನಗು ನ್ಯಾಯವಾಗಿಯೇ ಕಂಡಿತು.

ಹಿಂದಿನಿಂದ ಡೋಲು ಎದ್ದಿತು. ತಾಳ ಬಿತ್ತು, ಸರಿಯಾದ ಜಾಗದಲ್ಲೇ ಬಿತ್ತು. ಸ್ವಲ್ಪ ಹೊತ್ತಿಗೆ ಜನರೆಲ್ಲ ಒಮ್ಮೆಲೇ ಸುಮ್ಮನಾದರು. ಮಾವ ತಿರುಗಲು ಹೊರಟಿದ್ದಾರೆ ಎಂದು ಎಲಿಸೆಯೊಗೆ ಅದರಿಂದಲೇ ಗೊತ್ತಾಯಿತು. ಬಗ್ಗದ ಬಲಗಾಲನ್ನು ಗೂಟ ಮಾಡಿಕೊಂಡು ತಿರುಗಬೇಕು. ತಿರುಗುವಾಗ ಅವರಿಗೆ ಇವನ ಕಾಲು ಕಾಣುವುದಿಲ್ಲ. ಇವನ ಕಾಲು ಅರೆಗಳಿಗೆ ತಡೆಯಿತು. ಒಮ್ಮೆ ಹಿಂದೆ ತಿರುಗಿ ನೋಡಬೇಕೆಂದು ಅವನ ಜೀವ ಹೊಯ್ದಾಡಿತು.

"ಎಲಿಸೆಯೊ," ಅಂತ ಹಿಂದಿನಿಂದ ಏದುಸಿರಿನ ದನಿ ಬಂತು. "ಕಾಲ್ ನಿಲ್ಲಿಸ್ಬೇಡ ಕಣೋ."

ಅವನು ನೋಡಲಿಲ್ಲ. ಒದೆಯುತ್ತಲೇ ಇದ್ದ. ಜನರೆಲ್ಲ ಚಪ್ಪಾಳೆ ತಟ್ಟುತ್ತಿದ್ದರು. ದೋನ್ ಬೌದಿಲಿಯೊ ಮತ್ತೆ ತಿರುಗಿದ್ದನ್ನು ಆ ಚೌಕದಲ್ಲಿ ನೋಡದೆ ಉಳಿದವನು ಎಲಿಸೆಯೊ ಪೊಬ್ಲೆತೆ ಒಬ್ಬನೇ.