ಇನ್ನೊಂದು ಅರ್ಧ ಸುತ್ತು

ಗೆಳೆಯರೇ, ಬೊಮ್ಮನಹಳ್ಳಿಯ ನಮ್ಮ ಬಾಡಿಗೆ ಮನೆಯ ಅಡುಗೆಮನೆಯಲ್ಲಿ ಈಗ ನಲ್ಲಿ ಇದ್ದ ಜಾಗದಲ್ಲಿ ಮರದ ಬೆಣೆಯೊಂದಿದೆ. ಕಾರಣ ನಾನೇ.

ಹಳೆಯ ನಲ್ಲಿ ಸೋರುತ್ತಿತ್ತು. ಪ್ಲಂಬರ್ ವಾರದಿಂದ "ಬಂದೆ ಸಾರ್" ಎನ್ನುತ್ತಲೇ ಇದ್ದ. ಇಷ್ಟಕ್ಕೆ ಅವನೇಕೆಂದು ಬೆಳಿಗ್ಗೆ ತಾರಸಿಯ ವಾಲ್ವ್ ಮುಚ್ಚಿ, ಹೊಸ ನಲ್ಲಿಗೆ ಟೇಪು ಸುತ್ತಿ ತಿರುಗಿಸಿದೆ. ಮೂತಿ ಸಿಂಕಿನ ಕಡೆ ಬಂದಾಗ ನಿಲ್ಲಿಸಿದರೆ ಬುಡದಲ್ಲಿ ಸೋರುತ್ತದೆ. ಸೋರದಂತೆ ಬಿಗಿ ಮಾಡಿದರೆ ಮೂತಿ ಸೂರು ನೋಡುತ್ತದೆ. ಪ್ರತಿ ಸಲವೂ ತಾರಸಿ ಹತ್ತಿ ವಾಲ್ವ್ ಬಿಡಬೇಕು, ಇಳಿದು ನೋಡಬೇಕು, ಮತ್ತೆ ಹತ್ತಿ ಮುಚ್ಚಬೇಕು. ಹೀಗೇ ಮಧ್ಯಾಹ್ನವಾಯಿತು.

ಓನರ್ ಮುನಿಯಪ್ಪನವರು ಬಂದರು. "ಸಾರ್, ಯಾವ ಮನೆಗೂ ನೀರು ಬತ್ತಿಲ್ವಂತೆ." ಇಡೀ ಕಟ್ಟಡಕ್ಕೆ ಅದೊಂದೇ ವಾಲ್ವ್ ಎಂದು ನನಗೆ ಆಗ ಗೊತ್ತಾಯಿತು. ಅವರು ನಲ್ಲಿಯನ್ನು ದಿಟ್ಟಿಸಿದರು. "ಇದ್ಯಾಕ್ ಇಂಗೆ ಮೇಲ್ ನೋಡ್ತೈತೆ?"

"ಇನ್ನೊಂದು ಅರ್ಧ ಸುತ್ತು ಅಷ್ಟೇ" ಎಂದು, ಮಾನ ಉಳಿಸಿಕೊಳ್ಳಲು ಬಲವಾಗಿ ತಿರುಗಿಸಿದೆ. ಪಟ್ ಎಂದಿತು. ನಲ್ಲಿ ಕೈಗೆ ಬಂತು. ಅದರ ಹಿಂದಿನ ತುದಿ ಮುರಿದು ಗೋಡೆಯೊಳಗೇ ಉಳಿಯಿತು.

ಮುನಿಯಪ್ಪನವರು ಮರದ ತುಂಡೊಂದನ್ನು ಕೆತ್ತಿ ತಂದು ತೂತಿಗೆ ಬಡಿದರು. ಹೋಗುವಾಗ ಅಂದರು: "ಗೋಡೆ ಒಡೀಬೇಕು ಸಾರ್. ಪ್ಲಂಬರ್‌ಗೆ ಹೇಳಿ."

ಹೆಂಡತಿ ಈಗ ಬಚ್ಚಲಲ್ಲಿ ಪಾತ್ರೆ ತೊಳೆಯುತ್ತಿದ್ದಾಳೆ. ಅಲ್ಲಿಂದಲೇ ಕೇಳಿದಳು, "ರೀ, ಈ ನಲ್ಲೀನೂ ಸೋರ್ತಿದೆ, ನೋಡಿದ್ರಾ?"

"ಸೋರ್ಲಿ ಬಿಡು" ಎಂದೆ. "ಸೋರೋದಕ್ಕಾದ್ರೂ ಒಂದು ನಲ್ಲಿ ಇದೆಯಲ್ಲ."